ಎಂದೂ ಕೆಡದ ಕಂಪ್ಯೂಟರ್

ಬೇಕರಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಲ್ಯಾಬಿಗೆ ಬೆಳಗ್ಗೆ ಬರುವವರೆಲ್ಲ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಮೆಟ್ಟಿಲು ಹತ್ತಿಕೊಂಡು ಬರುತ್ತಿರುತ್ತದೆ. ಹಾಗಾಗಿ ರಕ್ತ ಕೊಡುವವರಿಗೆಲ್ಲ ಒಳಗೊಳಗೇ ಸ್ವಲ್ಪ ಸಿಟ್ಟಿರುತ್ತದೆ. ಆರ್.ಟಿ. ನಗರದ ಆ ಅಡ್ಡರಸ್ತೆಯಲ್ಲಿ ನಾನು ಟೆಕ್ನಿಷಿಯನ್ ಆಗಿ ಸೇರಿ ಬಹಳ ವರ್ಷವಾಯಿತು. ಸೂಜಿ ಚುಚ್ಚುವುದು, ರಕ್ತವನ್ನು ಯಂತ್ರಕ್ಕೆ ಕೊಡುವುದು, ಬಂದ ಫಲಿತಾಂಶ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಲ್ಯಾಬ್ ನಡೆಸುವವರು ಒಬ್ಬ ಡಾಕ್ಟರ್. ನಾವು ಮೇಡಂ ಎನ್ನುತ್ತೇವೆ. ಮುಂದಿನ ಕೌಂಟರಿನಲ್ಲಿ ಹೆಸರು ಬರೆದುಕೊಂಡು ರಿಪೋರ್ಟ್ ಪ್ರಿಂಟ್ ತೆಗೆದು ಕೊಡುವವಳು ನನಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವಳು. ನಾವು ಮೂವರೇ.

ಕಂಪ್ಯೂಟರುಗಳು ಎರಡು. ಒಂದು ಅವಳ ಕೌಂಟರಿನ ಮೇಲಿತ್ತು, ಹೊಸದು. ಇನ್ನೊಂದು ಹಿಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆಯ ಯಂತ್ರದ ಪಕ್ಕದಲ್ಲಿ, ಹಳೆಯದು. ಹಳೆಯದು ಯಂತ್ರದ ಜೊತೆಗೇ ಬಂದದ್ದು. ಅದರಲ್ಲಿದ್ದ ವಿಂಡೋಸ್ ಯಾವ ಕಾಲದ್ದೆಂದರೆ, ಅದನ್ನು ಮಾಡಿದವರೇ ಅದನ್ನು ನೋಡಿಕೊಳ್ಳುವುದನ್ನು ಬಿಟ್ಟು ವರ್ಷಗಳಾಗಿದ್ದವು. ಯಂತ್ರ ಕೊಟ್ಟ ಕಂಪನಿಯವರು ಮಾತ್ರ ಅದಕ್ಕೆ ಏನನ್ನೂ ಹೊಸದಾಗಿ ಹಾಕಬೇಡಿ, ಹಾಕಿದರೆ ಯಂತ್ರ ಅದರ ಜೊತೆ ಮಾತಾಡುವುದಿಲ್ಲ ಎಂದು ಹೇಳಿಹೋಗಿದ್ದರು. ನಾವು ಹಾಕಲಿಲ್ಲ. ಬೆಳಗ್ಗೆ ಸ್ವಿಚ್ ಒತ್ತಿದರೆ ಏಳುತ್ತಿತ್ತು, ಸಂಜೆಯವರೆಗೆ ಒಂದೇ ಸಮನೆ ನಡೆಯುತ್ತಿತ್ತು. ನನ್ನ ಕೈಯಲ್ಲಿ ಅದು ಒಮ್ಮೆಯೂ ಹ್ಯಾಂಗ್ ಆದದ್ದು ನೆನಪಿಲ್ಲ.

ಮುಂದಿನದು ಹಾಗಲ್ಲ. ವೇಟಿಂಗ್ ಹಾಲ್ ತುಂಬಿ ಜನ ಟೋಕನ್ ಹಿಡಿದು ನಿಂತಿರುವ ಹೊತ್ತಿಗೆ ಸರಿಯಾಗಿ ನೀಲಿ ಪರದೆ ಹಾಕಿಕೊಂಡು ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎನ್ನುತ್ತಿತ್ತು. ಗಿರಗಿರ ಸುತ್ತುವ ಆ ಚುಕ್ಕಿಗಳನ್ನು ನೋಡುತ್ತಾ ಅವಳು ಕೈಕಟ್ಟಿ ಕೂರುತ್ತಿದ್ದಳು. ಅದಾದ ಮೇಲೆ ಇನ್ನೊಂದು ಕಾಟ. ಹಿಂದಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇತ್ತು. ಯಂತ್ರ ಕೊಡುವ ಫಲಿತಾಂಶವೆಲ್ಲ ಅದರಲ್ಲಿ ಬಂದು ಕೂರುತ್ತಿತ್ತು. ಮುಂದಿನ ಕಂಪ್ಯೂಟರ್ ಆ ಫೋಲ್ಡರನ್ನು ತೆರೆದು ಒಂದೊಂದಾಗಿ ತೆಗೆದುಕೊಂಡು ನಮ್ಮ ಲೆಟರ್‌ಹೆಡ್ಡಿನ ಮೇಲೆ ಪ್ರಿಂಟ್ ಹೊಡೆಯಬೇಕು. ದೊಡ್ಡ ಅಪ್‌ಡೇಟ್ ಆದ ಮರುದಿನ ಅದು ಫೋಲ್ಡರ್ ತೆರೆಯಲು ಒಪ್ಪುತ್ತಿರಲಿಲ್ಲ. ಇದು ಸುರಕ್ಷಿತವಲ್ಲ ಎಂದೇನೋ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆಗ ಯಶವಂತಪುರದಿಂದ ಕಂಪ್ಯೂಟರ್ ರಿಪೇರಿಯವರನ್ನು ಕರೆಸಬೇಕು. ಅವರು ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟನ್ನೂ ತೆಗೆಯದೆ ನಾಲ್ಕು ಕಡೆ ಒತ್ತಿ, ಸರಿಹೋಯ್ತು ಎಂದು ಹೋಗುತ್ತಿದ್ದರು.

ಹಾಗಾಗಿ ನಮ್ಮಲ್ಲಿ ಹಳೆಯದಕ್ಕೆ ಮರ್ಯಾದೆ ಜಾಸ್ತಿ. ಹಿಂದಿನದನ್ನು ನೋಡಿ ಕಲಿ ಎಂದು ಅವಳು ಮುಂದಿನದಕ್ಕೆ ಬೈಯುತ್ತಿದ್ದಳು. ಮೇಡಂ ಕೂಡ ಹಳೆಯ ಕಾಲದವರು ಮಾಡಿದ್ದೇ ಗಟ್ಟಿ ಎನ್ನುತ್ತಿದ್ದರು. ನನಗೂ ಹಾಗೇ ಅನಿಸಿತ್ತು.

ಮೊದಲು ಬಂದವರು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಮೂರು ತಿಂಗಳ ಸರಾಸರಿ ಸಕ್ಕರೆ ನೋಡುವ ಪರೀಕ್ಷೆ ಮಾಡಿಸಿಕೊಂಡು ಹೋಗಿದ್ದರು. ಎರಡು ದಿನ ಬಿಟ್ಟು ಬೆಳಗ್ಗೆಯೇ ಬಂದು ಕೌಂಟರಿನ ಮುಂದೆ ನಿಂತರು. ಯಾವುದೋ ಚೂರ್ಣ ಮಾರುವ ಹುಡುಗಿ ಫೋನ್ ಮಾಡಿದ್ದಳಂತೆ. ಹೆಸರು ಹಿಡಿದು ಕರೆದಳಂತೆ. ನಿಮ್ಮ ಶುಗರ್ ಇಷ್ಟಿದೆ, ಇನ್ನೂ ತಡ ಮಾಡಬೇಡಿ ಎಂದು, ನಮ್ಮ ರಿಪೋರ್ಟಿನಲ್ಲಿದ್ದ ಅಂಕಿಯನ್ನೇ ದಶಾಂಶದ ಸಮೇತ ಹೇಳಿದಳಂತೆ.

"ನನ್ ಶುಗರ್ ಎಷ್ಟಿದೆ ಅಂತ ನನ್ ಹೆಂಡ್ತಿಗೇ ನಾನು ಹೇಳಿಲ್ಲ," ಎಂದರು ಅವರು. "ಆ ಹುಡುಗಿಗೆ ಹೆಂಗಮ್ಮ ಗೊತ್ತಾಯ್ತು?"

ಅವರ ದನಿ ಏರಿರಲಿಲ್ಲ. ಆದರೆ ಹಾಲಿನಲ್ಲಿ ಕೂತವರೆಲ್ಲ ತಲೆ ಎತ್ತಿದರು. ಮೇಡಂ ಅವರನ್ನು ಒಳಗೆ ಕರೆದು ಕೂರಿಸಿ, ನೀವು ಔಷಧಿ ಅಂಗಡಿಯಲ್ಲಿ ರಿಪೋರ್ಟ್ ತೋರಿಸಿರಬಹುದು ಎಂದು ಸಮಾಧಾನ ಹೇಳಿ ಕಳಿಸಿದರು. ಅವರು ಹೋಗುವಾಗ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹೋದರು.

ಮುಂದಿನ ವಾರ ಇನ್ನೊಬ್ಬರು ಬಂದರು. ಆಮೇಲೆ ಹೆಬ್ಬಾಳದ ಕಡೆಯಿಂದ ಬರುವ ಒಬ್ಬ ಹೆಂಗಸು, ಥೈರಾಯ್ಡ್‌ನವರು. ಅವರಿಗೆ ಫೋನ್ ಬಂದದ್ದು ರಿಪೋರ್ಟ್ ಕೈಗೆ ಸಿಗುವುದಕ್ಕೂ ಮುಂಚೆ. ಇದಕ್ಕೆ ಔಷಧಿ ಅಂಗಡಿಯ ಸಮಾಧಾನ ನಡೆಯುವಂತಿರಲಿಲ್ಲ. ಆ ಹೆಂಗಸು ಹೋದ ಮೇಲೆ ಮೇಡಂ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಎಷ್ಟೋ ಹೊತ್ತಿನ ಮೇಲೆ ನನ್ನನ್ನು ಕರೆದರು.

ಮೇಜಿನ ಮೇಲಿದ್ದ ಪೆನ್ನನ್ನು ಅವರು ಸುಮ್ಮನೆ ತಿರುಗಿಸುತ್ತಿದ್ದರು. ಮನೆಯಲ್ಲೆಲ್ಲ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ.

"ನಿಮ್ ಯಜಮಾನ್ರು ಮೆಡಿಕಲ್ ಲೈನಲ್ಲೇ ಇದಾರಲ್ವಾ?" ಎಂದರು.

ನನ್ನ ಗಂಡ ಔಷಧಿ ವಿತರಕರೊಬ್ಬರ ಬಳಿ ಕೆಲಸ ಮಾಡುತ್ತಾರೆ. ಯಲಹಂಕ, ಅಟ್ಟೂರು, ಜಕ್ಕೂರಿನ ಅಂಗಡಿಗಳಿಗೆ ಸರಕು ಮುಟ್ಟಿಸುವುದು ಅವರ ಕೆಲಸ. ಇದು ಮೇಡಂಗೆ ಮೊದಲಿನಿಂದಲೂ ಗೊತ್ತು. ನಮಗೆ ಬೇಕಾದ ಹತ್ತಿ, ಸ್ಪಿರಿಟ್ ಎಷ್ಟೋ ಸಲ ಅವರ ಮೂಲಕವೇ ತರಿಸಿದ್ದುಂಟು. ಈಗ ಅದನ್ನು ಹೊಸದಾಗಿ ಕೇಳುತ್ತಿದ್ದಾರೆ ಎಂದರೆ ಏನರ್ಥ ಎಂದು ನನಗೆ ಹೊಳೆಯುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಹೌದು ಮೇಡಂ ಎಂದಷ್ಟೇ ಹೇಳಿದೆ. ಅವರು ಸರಿ ಹೋಗಿ ಎಂದರು. ಏನನ್ನೂ ಆರೋಪಿಸಲಿಲ್ಲ. ಆರೋಪಿಸಿದ್ದರೆ ಇಲ್ಲ ಎನ್ನಬಹುದಿತ್ತು.

ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಎಂದಿನಂತೆ ಬಸ್ಸು ನಿಂತುಕೊಂಡಿತು. ನಿಂತಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಸಂಗತಿ ಓಡುತ್ತಿತ್ತು. ನಾನು ಮಾಡಿಲ್ಲ ಎಂಬುದು ನನಗೆ ಗೊತ್ತು. ಆದರೆ ನನ್ನ ಗಂಡ? ಲ್ಯಾಬಿನ ಕೆಲವು ರಿಪೋರ್ಟುಗಳು ನನ್ನ ಫೋನಿನಲ್ಲಿ ಇರುತ್ತಿದ್ದವು. ಅನುಮಾನವಿದ್ದ ಫಲಿತಾಂಶದ ಫೋಟೋ ತೆಗೆದು ಮೇಡಂಗೆ ಕಳಿಸುವ ರೂಢಿಯಿತ್ತು. ಫೋನಿನ ಲಾಕ್ ತೆಗೆಯುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಟ್ಟೂರಿನ ಮನೆಯಲ್ಲಿ ಅವರು ಚಪಾತಿ ಲಟ್ಟಿಸುತ್ತಾ ಇದ್ದರು. ನಾನು ತಡವಾಗಿ ಬರುವ ದಿನ ಅವರೇ ಮಾಡುತ್ತಾರೆ. ಆ ಕೈಗಳನ್ನು ನೋಡುತ್ತಾ ನಿಂತೆ. ಚೂರ್ಣ ಮಾರುವವರು ಯಾರಾದರೂ ನಿಮಗೆ ಪರಿಚಯವಿದ್ದಾರಾ ಎಂದು ಕೇಳಿದೆ. ನನ್ನ ಲೈನಿನಲ್ಲಿ ಇಲ್ಲದೇ ಇರುತ್ತಾರಾ, ಯಾಕೆ ಎಂದರು. ಸುಮ್ಮನೆ ಎಂದೆ. ಆಮೇಲೆ ಅವರು ಸ್ನಾನಕ್ಕೆ ಹೋದಾಗ ಅವರ ಫೋನ್ ತೆಗೆದು ಕರೆಗಳನ್ನೆಲ್ಲ ನೋಡಿದೆ. ಅಂಗಡಿಯವರು, ಅವರ ತಂಗಿ, ಗ್ಯಾಸಿನವನು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದು ನೆಮ್ಮದಿಯೂ ಆಗಲಿಲ್ಲ, ಅಳಿಸಿರಬಹುದಲ್ಲ ಎಂಬ ಯೋಚನೆ ತಕ್ಷಣವೇ ಬಂತು. ಅನುಮಾನ ಒಮ್ಮೆ ಒಳಗೆ ಬಂದರೆ ಇಲ್ಲದ್ದನ್ನೂ ಪುರಾವೆ ಮಾಡಿಕೊಳ್ಳುತ್ತದೆ ಎಂಬುದು ನನಗೆ ಆಗ ಅರಿವಿಗೆ ಬಂತು, ಆದರೂ ಅದನ್ನು ನಿಲ್ಲಿಸಲಾಗಲಿಲ್ಲ.

ಮರುದಿನದಿಂದ ಅದು ಕೌಂಟರಿನವಳ ಕಡೆ ತಿರುಗಿತು. ಅವಳ ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ನನ್ನ ಜೊತೆ ಕನ್ನಡ, ಫೋನಿನಲ್ಲಿ ಅಮ್ಮನ ಜೊತೆ ಅವಳ ಮಾತು. ಇಷ್ಟು ವರ್ಷ ಅದು ನನ್ನ ಕಿವಿಗೆ ಬೀದಿಯ ಗದ್ದಲದ ಹಾಗೆ ಬಿದ್ದು ಹೋಗುತ್ತಿತ್ತು. ಈಗ ಅವಳು ದನಿ ತಗ್ಗಿಸಿದರೆ ನಾನು ಕೈಯಲ್ಲಿದ್ದ ಟ್ಯೂಬನ್ನು ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ಒಂದು ದಿನ ಆ ಮಾತಿನ ನಡುವೆ ರಿಪೋರ್ಟ್ ಎಂಬ ಪದ ಎರಡು ಸಲ ಬಂತು. ಸಿಕ್ಕಿತು ಅನಿಸಿತು. ಆಮೇಲೆ ನೋಡಿದರೆ ಅದು ಅವಳ ಮಗನ ಶಾಲೆಯ ಪ್ರೋಗ್ರೆಸ್ ರಿಪೋರ್ಟ್. ಅವಳೇ ಹೇಳಿ ನಕ್ಕಳು. ನಾನೂ ನಕ್ಕೆ. ಆದರೆ ನಾನು ಕೇಳದೇ ಅವಳು ಯಾಕೆ ಹೇಳಿದಳು ಎಂದು ಆಮೇಲೆ ಯೋಚಿಸಿದೆ.

ಮೇಡಂ ಈ ನಡುವೆ ಕ್ಯಾಮೆರಾ ಹಾಕಿಸಿದರು. ಒಂದು ಕೌಂಟರಿನ ಮೇಲೆ, ಒಂದು ಹಿಂದಿನ ಕೋಣೆಯಲ್ಲಿ ನನ್ನ ತಲೆಯ ಮೇಲೆ. ನಮ್ಮಿಬ್ಬರ ಫೋನುಗಳು ಅವರ ಡ್ರಾಯರಿನಲ್ಲಿರಬೇಕು, ಊಟದ ಹೊತ್ತಿಗೆ ತೆಗೆದುಕೊಳ್ಳಬಹುದು ಎಂದಾಯಿತು. ಆದರೂ ಕರೆಗಳು ನಿಲ್ಲಲಿಲ್ಲ. ಮೊದಲು ಮೇಡಂ ಕೋಣೆಯ ಪಕ್ಕದ ಸಣ್ಣ ಜಾಗದಲ್ಲಿ ನಾವಿಬ್ಬರೂ ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದೆವು. ಅವಳ ಮನೆಯ ಖಾರದ ಬೇಳೆ ನನಗೆ, ನನ್ನ ಸೊಪ್ಪಿನ ಸಾರು ಅವಳಿಗೆ. ಈಗ ಅವಳು ಕೌಂಟರಿನಲ್ಲೇ ಕೂತು ತಿನ್ನತೊಡಗಿದಳು. ನಾನು ಖಾಲಿಯಾದ ವೇಟಿಂಗ್ ಹಾಲಿನ ಬೆಂಚಿಗೆ ಹೋದೆ. ಜಗಳವಾಡಿದ್ದಿಲ್ಲ. ಒಂದು ದಿನ ಅವಳು ತನ್ನ ಬ್ಯಾಗಿನ ಜಿಪ್ಪನ್ನು ನನ್ನೆದುರಿಗೇ ಪೂರ್ತಿ ತೆರೆದಿಟ್ಟು ಹೋದಳು, ನೋಡುವುದಿದ್ದರೆ ನೋಡಿಕೋ ಎನ್ನುವ ಹಾಗೆ. ಅಂದಿನಿಂದ ಬೇರೆ ಬೇರೆ ಕೂತೆವು.

ಆ ಬೆಂಚಿನ ಮೇಲೆ ಕೂತಿದ್ದಾಗಲೇ ಅದು ಕಣ್ಣಿಗೆ ಬಿದ್ದದ್ದು.

ತಿಂಡಿ ತಿಂದ ಮೇಲೆ ಮತ್ತೆ ರಕ್ತ ಕೊಡಲು ಎರಡು ಗಂಟೆ ಕಾಯುವವರಿಗೆ ಬೇಸರವಾಗದಿರಲಿ ಎಂದು ಹಾಲಿನಲ್ಲಿ ನಮ್ಮ ಕಂಪ್ಯೂಟರುಗಳ ವೈಫೈಯನ್ನೇ ಕೊಟ್ಟಿದ್ದೆವು. ಪಾಸ್‌ವರ್ಡ್ ಗೋಡೆಯ ಮೇಲೆ ಅಂಟಿಸಿತ್ತು. ಅಂದು ನನ್ನ ಮಗಳಿಗೆ ಅವಳ ಕಾಲೇಜಿನ ಫೀಸ್ ರಸೀದಿ ಕಳಿಸಬೇಕಿತ್ತು. ಫೋನಿನಲ್ಲಿ ಫೈಲುಗಳಿರುವ ಜಾಗ ತೆರೆದೆ. ಎಲ್ಲಿ ಸೇವ್ ಆಗಿದೆಯೋ ಗೊತ್ತಾಗದೆ ಅಲ್ಲಿ ಇಲ್ಲಿ ಒತ್ತುತ್ತಿದ್ದಾಗ ನೆಟ್‌ವರ್ಕ್ ಎಂದು ಬರೆದಿದ್ದ ಒಂದು ಚಿತ್ರದ ಮೇಲೆ ಬೆರಳು ಬಿತ್ತು. ಒಂದು ಕ್ಷಣ ಹುಡುಕಿತು. ಆಮೇಲೆ ಒಂದು ಹೆಸರು ಬಂತು. ಹಿಂದಿನ ಕೋಣೆಯ ಕಂಪ್ಯೂಟರಿನ ಹೆಸರು. ಅದು ನಿತ್ಯ ಬೆಳಗ್ಗೆ ನನ್ನ ಕಣ್ಣೆದುರು ಬರುವ ಹೆಸರು. ತಪ್ಪಾಗಲು ಸಾಧ್ಯವಿರಲಿಲ್ಲ.

ಒತ್ತಿದೆ. ಯಾರು ನೀನು ಎಂದು ಕೇಳಲಿಲ್ಲ. ಪಾಸ್‌ವರ್ಡ್ ಕೇಳಲಿಲ್ಲ. ಫೋಲ್ಡರ್ ತೆರೆದುಕೊಂಡಿತು. ಒಂದೇ ಹೆಸರಿನವರು ಹಲವರಿರುತ್ತಾರೆಂದು ನಾವು ಪ್ರತಿ ಫೈಲಿಗೂ ರೋಗಿಯ ಮೊಬೈಲ್ ನಂಬರನ್ನೇ ಹೆಸರಾಗಿ ಇಡುತ್ತಿದ್ದೆವು. ನಂಬರುಗಳು ಒಂದರ ಕೆಳಗೊಂದು ಸಾಲಾಗಿ ಬಂದವು. ಒಂದನ್ನು ತೆರೆದೆ. ಬೆಳಗ್ಗೆ ನಾನೇ ರಕ್ತ ತೆಗೆದಿದ್ದ ಅಜ್ಜಿಯ ಹೆಸರು, ವಯಸ್ಸು, ಸಕ್ಕರೆ, ಕೊಬ್ಬು, ಎಲ್ಲ.

ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಟಿ.ವಿ. ನೋಡುತ್ತಾ, ಯಾರು ಬೇಕಾದರೂ ಇದನ್ನು ನೋಡಬಹುದಿತ್ತು. ವರ್ಷಗಟ್ಟಲೆ ನೋಡಬಹುದಿತ್ತು.

ಎದ್ದು ಮೇಡಂ ಕೋಣೆಗೆ ಓಡಬೇಕೆನಿಸಿತು. ಆದರೆ ಅಲ್ಲೇ ಕೂತು ಯೋಚಿಸಿದೆ. ಈಗ ಆ ಅಜ್ಜಿಯ ರಿಪೋರ್ಟ್ ಇರುವುದು ನನ್ನ ಫೋನಿನಲ್ಲಿ. ನನ್ನ ಗಂಡ ಮೆಡಿಕಲ್ ಲೈನಿನವರು. ಇಷ್ಟು ದಿನ ಹೀಗೇ ತೆಗೆಯುತ್ತಿದ್ದಳು, ಈಗ ಸಿಕ್ಕಿಬೀಳುವ ಭಯಕ್ಕೆ ತಾನೇ ಬಂದು ಹೇಳುತ್ತಿದ್ದಾಳೆ ಎಂದು ಅವರು ಯೋಚಿಸಿದರೆ? ನಾನು ಅವರ ಜಾಗದಲ್ಲಿದ್ದರೆ ಹಾಗೆಯೇ ಯೋಚಿಸುತ್ತಿದ್ದೆ. ಇನ್ನೊಬ್ಬರ ಫೋನಿನಲ್ಲೂ ತೆರೆಯುತ್ತದೆ ಎಂದು ತೋರಿಸಿದರೆ ಮಾತ್ರ ನನ್ನ ಮಾತಿಗೆ ಬೆಲೆ. ಕೌಂಟರಿಗೆ ಹೋದೆ. ಅವಳು ಡಬ್ಬಿ ತೊಳೆದು ಒರೆಸುತ್ತಿದ್ದಳು. ನನ್ನ ಫೋನ್ ತೋರಿಸಿ, ನಿನ್ನ ಫೋನಿನಲ್ಲೂ ಒಂದು ಸಲ ಹೀಗೆ ಒತ್ತಿ ನೋಡು ಎಂದೆ.

ಅವಳು ಪರದೆಯನ್ನು ನೋಡಿದಳು. ನಂಬರುಗಳು ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಮುಖ ಬಿಗಿದುಕೊಂಡಿತು.

"ನನ್ ಫೋನಲ್ಲಿ ಯಾಕಕ್ಕ ತೆಗೀಬೇಕು?" ಎಂದಳು. "ನಾಳೆ ಇವಳ ಫೋನಲ್ಲೇ ಸಿಕ್ತು ಅಂತ ಹೇಳಕ್ಕಾ?"

"ನಾನ್ ಯಾಕೆ ಹಂಗ್ ಹೇಳ್ತೀನಿ?"

"ಒಂದ್ ತಿಂಗಳಿಂದ ನೀವು ನನ್ನ ಹೆಂಗ್ ನೋಡ್ತಿದೀರಾ ಅಂತ ನಂಗೆ ಗೊತ್ತಿಲ್ವಾ? ನಾನು ಅಮ್ಮಂಗೆ ಫೋನ್ ಮಾಡಿದ್ರೆ ನಿಮ್ ಕೈ ನಿಂತ್ಹೋಗತ್ತೆ."

ನಿನ್ನ ಮೇಲೆ ಅನುಮಾನ ಇತ್ತು, ನನ್ನ ಗಂಡನ ಮೇಲೂ ಇತ್ತು, ಮೇಡಂಗೆ ನನ್ನ ಮೇಲೆ ಇದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, ಮೇಡಂ ಕರೆದು ಕೇಳಿದ್ದು ನಿಮ್ಮೊಬ್ಬರನ್ನೇ ಅಂದುಕೊಂಡಿದ್ದೀರಾ ಎಂದಳು. ಅವಳನ್ನೂ ಕರೆದಿದ್ದರಂತೆ. ನಾನು ಸಂಜೆ ಫೋನಿನಲ್ಲಿ ಏನಾದರೂ ಫೋಟೋ ತೆಗೆಯುವುದನ್ನು ನೋಡಿದ್ದೀಯಾ ಎಂದು ಕೇಳಿದ್ದರಂತೆ. ಹೌದು, ನಿಮಗೇ ಕಳಿಸಲು ತೆಗೆಯುತ್ತಾರಲ್ಲ ಎಂದು ಅವಳು ಹೇಳಿ ಬಂದಿದ್ದಳು. ಆದರೆ ಅವಳಿಗೂ ಅಂದಿನಿಂದ ನನ್ನ ಮೇಲೆ ಒಂದು ಕಣ್ಣು.

ಕೊನೆಗೆ ಅವಳೇ ದಾರಿ ಹೇಳಿದಳು. ನಮ್ಮಿಬ್ಬರ ಫೋನೂ ಬೇಡ, ಮೇಡಂ ಫೋನಿನಲ್ಲೇ ತೆಗೆಸೋಣ.

ಮೇಡಂ ಬಂದು, ಬಿಳಿ ಕೋಟಿನಲ್ಲೇ ರೋಗಿಗಳ ಬೆಂಚಿನ ಮೇಲೆ ಕೂತರು. ಆ ಬೆಂಚಿನ ಮೇಲೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೋಡೆಯ ಮೇಲಿನ ಪಾಸ್‌ವರ್ಡ್ ನೋಡಿ ಹಾಕಿಕೊಂಡರು. ಎಲ್ಲಿ ಒತ್ತಬೇಕೆಂದು ನಾನು ಬೆರಳು ತಾಗಿಸದೆ ದೂರದಿಂದಲೇ ಹೇಳಿದೆ. ಅವರ ಪರದೆಯ ಮೇಲೂ ನಂಬರುಗಳು ಬಂದವು. ಅವರು ತಮ್ಮ ಅತ್ತೆಯ ನಂಬರನ್ನು ಹುಡುಕಿ ತೆರೆದರು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟೆಂದು ಓದಿದರು, ಮುಚ್ಚಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ನಮ್ಮ ಮುಖ ನೋಡಲಿಲ್ಲ. ಮೊದಲು ಆ ವೈಫೈ ಆರಿಸಿ ಎಂದರು.

ಸಂಜೆ ಯಶವಂತಪುರದವರು ಬಂದರು. ಈ ಸಲ ಹೆಲ್ಮೆಟ್ ತೆಗೆದರು. ಮೇಡಂ ಅನುಮಾನವೆಲ್ಲ ಈಗ ಅವರ ಮೇಲಿತ್ತು. ಬೇಕೆಂದೇ ತೆರೆದಿಟ್ಟಿರಾ, ಯಾರಿಗಾದರೂ ಹೇಳಿದ್ದೀರಾ ಎಂದು ಪೊಲೀಸರ ಹಾಗೆ ಕೇಳಿದರು. ಅವರು ಮೊದಲು ಅದು ಹಾಗೆ ಇರಲು ಸಾಧ್ಯವೇ ಇಲ್ಲ ಎಂದರು. ತೋರಿಸಿದ ಮೇಲೆ, ಎಲ್ಲ ಕಡೆಯೂ ಹೀಗೇ ಇರುತ್ತದೆ ಎಂದರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು.

"ಹಳೇ ವಿಂಡೋಸ್‌ಗೆ ಬಾಗ್ಲು ಹಾಕಕ್ಕೆ ಬರಲ್ಲ ಮೇಡಂ. ಹೊಸದಕ್ಕೆ ಅದು ಗೊತ್ತು. ಪ್ರತಿ ಸಲ ಅಪ್‌ಡೇಟ್ ಆದಾಗ್ಲೂ ಇದನ್ನ ನಂಬಬೇಡಿ, ಇದನ್ನ ನಂಬಬೇಡಿ ಅಂತ ಅದು ಹೇಳ್ತಾನೇ ಇತ್ತು. ನೀವು ಜನ ಕಾಯ್ತಿದಾರೆ, ಅರ್ಜೆಂಟು ಅಂತಿದ್ರಿ. ನಾನು ಆ ಎಚ್ಚರಿಕೇನ ಆಫ್ ಮಾಡಿ ಹೋಗ್ತಿದ್ದೆ."

ಕೌಂಟರಿನವಳೂ ನಾನೂ ಮುಖ ನೋಡಿಕೊಂಡೆವು. ಹಿಂದಿನ ಕೋಣೆಯದು ಎಂದೂ ನಿಂತಿರಲಿಲ್ಲ, ಯಾರನ್ನೂ ತಡೆದಿರಲಿಲ್ಲ, ಅದಕ್ಕೇ ನಮಗೆ ಅದು ಒಳ್ಳೆಯದಾಗಿ ಕಂಡಿತ್ತು. ಬಂದವರನ್ನೆಲ್ಲ ಯಾರು ನೀನು ಎಂದು ಕೇಳುವುದೇ ಮುಂದಿನದರ ತಪ್ಪಾಗಿತ್ತು. ಸಕ್ಕರೆ ಕಾಯಿಲೆಯವರು ಎಷ್ಟೋ ಜನ ನೋವಿಲ್ಲ ಅಂದರೆ ಕಾಯಿಲೆ ಇಲ್ಲ ಎಂದುಕೊಂಡು ಬರುವುದನ್ನು ದಿನವೂ ನೋಡುವ ನಾವೇ ಹೀಗೆ ಯೋಚಿಸಿದ್ದೆವು.

ಹಳೆಯದನ್ನು ತೆಗೆದು ಹೊಸ ವಿಂಡೋಸ್ ಹಾಕುವಂತಿರಲಿಲ್ಲ, ಯಂತ್ರದ ಕಂಪನಿಯವರು ಒಪ್ಪುವುದಿಲ್ಲ. ಅದನ್ನು ವೈಫೈಯಿಂದ ಪೂರ್ತಿ ಬಿಡಿಸಿ, ನಡುವೆ ಇನ್ನೊಂದು ಸಣ್ಣ ಕಂಪ್ಯೂಟರ್ ಇಡೋಣ, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕುತ್ತೇನೆ ಎಂದರು ಅವರು. ಹಳೆಯದು ಬರೀ ಅದರ ಜೊತೆ ತಂತಿಯಲ್ಲಿ ಮಾತಾಡುತ್ತದೆ, ಮುಂದಿನದು ಹೆಸರು, ಪಾಸ್‌ವರ್ಡ್ ಹೇಳಿ ಅದರಿಂದ ತೆಗೆದುಕೊಳ್ಳುತ್ತದೆ. ಲಿನಕ್ಸ್ ಎಷ್ಟಾಗುತ್ತದೆ ಎಂದು ಮೇಡಂ ಕೇಳಿದರು. ಅದು ಪುಕ್ಕಟೆ ಎಂದರು. ಮೇಡಂ ಹುಬ್ಬು ಗಂಟಾಯಿತು. ದುಡ್ಡು ತೆಗೆದುಕೊಳ್ಳದೆ ಯಾರು ಯಾಕೆ ಕೊಡುತ್ತಾರೆ, ಅದರ ಹಿಂದೆ ಏನಿದೆ ಎಂದರು. ಜಗತ್ತಿನಲ್ಲಿ ಬಹಳ ಜನ ಸೇರಿ ಬರೆದದ್ದು, ದೊಡ್ಡ ದೊಡ್ಡ ಕಂಪನಿಗಳೂ ಅದನ್ನೇ ಬಳಸುತ್ತವೆ, ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ಓದಬಹುದು, ಮುಚ್ಚುಮರೆ ಇಲ್ಲ ಎಂದು ಅವರು ವಿವರಿಸಿದರು.

ಕೌಂಟರಿನವಳು ಬಾಯಿ ಹಾಕಿದಳು. "ಯಾರ್ ಬೇಕಾದ್ರೂ ಓದಬಹುದು ಅಂದ್ರೆ ಕಳ್ರೂ ಓದ್ತಾರಲ್ವಾ ಅಣ್ಣ?"

"ಓದ್ತಾರೆ. ತಪ್ಪು ಕಂಡ್ರೆ ಸರಿಮಾಡೋರೂ ಓದ್ತಾರೆ."

"ನೀವ್ ಓದಿದೀರಾ?"

ಅವರು ಸ್ವಲ್ಪ ನಕ್ಕರು. "ಇಲ್ಲಮ್ಮ. ಓದಿದೋರನ್ನ ನಂಬಿದೀನಿ."

ಅಷ್ಟು ದಿನದಲ್ಲಿ ಆ ಲ್ಯಾಬಿನಲ್ಲಿ ಯಾರೋ ಒಬ್ಬರು ನೆಟ್ಟಗೆ ಕೊಟ್ಟ ಉತ್ತರ ಅದೊಂದೇ ಎಂದು ನನಗೆ ಅನಿಸಿತು. ಮೇಡಂಗೂ ಅನಿಸಿರಬೇಕು. ಮಾಡಿ ಎಂದರು. ಆದರೆ ಅವರು ಕೆಲಸ ಮಾಡುವಷ್ಟು ದಿನವೂ ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ನೋಡಿದರು.

ಸಣ್ಣ ಡಬ್ಬಿಯ ಹಾಗಿನ ಆ ಕಂಪ್ಯೂಟರ್ ಬಂತು. ಮೊದಲ ವಾರ ಅದು ನಮ್ಮನ್ನು ಆಟ ಆಡಿಸಿತು. ಪ್ರಿಂಟರಿನ ಗುರುತು ಅದಕ್ಕೆ ಸಿಗಲಿಲ್ಲ, ಥೈರಾಯ್ಡ್ ಫೈಲುಗಳು ಒಂದು ಕಡೆ ಸಿಕ್ಕಿಕೊಂಡವು. ಹಾಲಿನಲ್ಲಿ ಜನ ಗೊಣಗಿದರು. ಪುಕ್ಕಟೆ ಬಂದದ್ದಲ್ಲವಾ ಎಂದು ಮೇಡಂ ಹೇಳಿಯೂ ಬಿಟ್ಟರು. ಯಶವಂತಪುರದವರು ಮೂರು ಸಲ ಬಂದು ಸರಿ ಮಾಡಿದರು. ಆಮೇಲೆ ಅದು ಸದ್ದಿಲ್ಲದೆ ನಡೆಯತೊಡಗಿತು. ಈಗ ಸದ್ದಿಲ್ಲದೆ ನಡೆಯುವುದನ್ನು ನೋಡಿದರೂ ನನಗೆ ಮೊದಲಿನ ನೆಮ್ಮದಿ ಬರುವುದಿಲ್ಲ. ತಿಂಗಳಿಗೊಮ್ಮೆ ಅಪ್‌ಡೇಟ್ ಆಗಿದೆಯಾ ಎಂದು ಕೇಳುತ್ತೇನೆ. ರೋಗಿಗಳ ವೈಫೈ ಬೇರೆಯೇ ಆಗಿದೆ. ಫೈಲಿನ ಹೆಸರು ಮೊಬೈಲ್ ನಂಬರ್ ಅಲ್ಲ, ಬರೀ ಒಂದು ಸಂಖ್ಯೆ. ಹಾಲಿನಲ್ಲಿ ಕೂತಾಗ ನನ್ನ ಫೋನಿನಲ್ಲಿ ಆಗಾಗ ಅದೇ ಜಾಗ ಒತ್ತಿ ನೋಡುತ್ತೇನೆ. ಏನೂ ಸಿಗುವುದಿಲ್ಲ.

ಕರೆಗಳು ಕಡಿಮೆಯಾಗುತ್ತಾ ಬಂದು ನಿಂತವು. ಯಾರು ಮಾಡಿದ್ದೆಂದು ಮಾತ್ರ ಗೊತ್ತಾಗಲಿಲ್ಲ. ಮೇಡಂ ದೂರು ಕೊಟ್ಟರು, ನಂಬರುಗಳನ್ನು ಕೊಟ್ಟರು, ಇನ್ನೂ ಏನೂ ತಿಳಿದಿಲ್ಲ. ಕ್ಯಾಮೆರಾದಲ್ಲಿ ನೋಡೋಣವೆಂದರೆ ಅದರಲ್ಲಿ ಇದ್ದದ್ದು ನಾವಿಬ್ಬರೇ. ಬೆಂಚಿನ ಕಡೆಗೆ ಯಾರೂ ಒಂದನ್ನೂ ತಿರುಗಿಸಿರಲಿಲ್ಲ. ಎ.ಸಿ. ಗಾಳಿಗೆ ಬಂದು ಕೂರುತ್ತಿದ್ದ ಯಾರ್ಯಾರನ್ನೋ ನೆನಪು ಮಾಡಿಕೊಂಡೆವು. ರಿಪೋರ್ಟ್ ಬಂತಾ ಎಂದು ಕೇಳದೇ ಬಹಳ ಹೊತ್ತು ಕೂತು ಹೋಗುತ್ತಿದ್ದ, ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ ಕೆಲವು ತಿಂಗಳಿಂದ ಬಂದಿಲ್ಲ ಎಂದು ಅವಳು ಹೇಳಿದಳು. ಆತ ಊರು ಬಿಟ್ಟಿರಬಹುದು, ಸತ್ತೂ ಹೋಗಿರಬಹುದು. ಅನುಮಾನ ಪಟ್ಟು ಪಟ್ಟು ಸಾಕಾಗಿದ್ದ ನಾವು ಅದನ್ನು ಮುಂದುವರಿಸಲಿಲ್ಲ.

ಬಂದು ಕೇಳಿದ್ದವರಿಗೆಲ್ಲ ಮೇಡಂ ತಾವೇ ಫೋನ್ ಮಾಡಿ, ತಪ್ಪು ನಮ್ಮಲ್ಲೇ ಆಗಿತ್ತು ಎಂದು ಹೇಳಿದರು. ಕೇಳದೇ ಇದ್ದವರಿಗೆ ಹೇಳಲಿಲ್ಲ. ಅವರಿಗೂ ಹೇಳಬೇಕಲ್ಲವಾ ಎಂದು ನಾನು ಒಮ್ಮೆ ಕೇಳಿದೆ. ನೋಡೋಣ ಎಂದರು. ನಮ್ಮಿಬ್ಬರ ಹತ್ತಿರ ಅವರು ಕ್ಷಮೆ ಕೇಳಲಿಲ್ಲ. ಡ್ರಾಯರಿನಿಂದ ಫೋನುಗಳನ್ನು ತೆಗೆದುಕೊಟ್ಟರು, ಒಂದು ದಿನ ಕೆಳಗಿನ ಬೇಕರಿಯಿಂದ ಪಫ್ ತರಿಸಿದರು. ಅದನ್ನೇ ಕ್ಷಮೆಯೆಂದು ತಿಳಿದುಕೊಳ್ಳಬೇಕಾಯಿತು.

ಗಂಡನಿಗೆ ಎಲ್ಲವನ್ನೂ ಹೇಳಿದೆ, ಅವರ ಫೋನ್ ನೋಡಿದ್ದನ್ನೂ ಹೇಳಿದೆ. ನೋಡಿದೆಯಲ್ಲ, ಅದರಲ್ಲಿ ನನ್ನ ತಂಗಿ ಎಷ್ಟು ಸಲ ಫೋನ್ ಮಾಡಿ ತಲೆ ತಿನ್ನುತ್ತಾಳೆ ಎಂದು ಈಗ ನಿನಗೂ ಗೊತ್ತಾಯಿತು ಎಂದರು. ಆಮೇಲೆ ತಮ್ಮ ಫೋನಿನ ಪಿನ್ ಬದಲಿಸಿದರು. ಹೊಸ ಪಿನ್ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಅವಳೂ ನಾನೂ ಮತ್ತೆ ಒಟ್ಟಿಗೆ ಊಟ ಮಾಡಲು ಶುರುಮಾಡಿದ್ದು ಹೇಗೆಂದು ಸರಿಯಾಗಿ ನೆನಪಿಲ್ಲ. ಒಂದು ದಿನ ಅವಳು ತನ್ನ ಡಬ್ಬಿ ಹಿಡಿದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೊದಲಿನ ಹಾಗೆ ಎಲ್ಲ ಮಾತಾಡುವುದಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡಬೇಕಾದರೆ ಈಗ ಹೊರಗೆ ಮೆಟ್ಟಿಲ ಹತ್ತಿರ ಹೋಗುತ್ತಾಳೆ. ಇಲ್ಲೇ ಮಾತಾಡು ಎಂದು ಒಂದೆರಡು ಸಲ ಹೇಳಿ ನೋಡಿದೆ. ಪರವಾಗಿಲ್ಲ ಅಕ್ಕ ಎಂದಳು.

ಮೊನ್ನೆ ಯಂತ್ರದ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಹಳೆಯ ಯಂತ್ರ ತೆಗೆದು ಹೊಸದು ಕೊಡುತ್ತಾರಂತೆ. ಅದಕ್ಕೆ ಪಕ್ಕದಲ್ಲಿ ಕಂಪ್ಯೂಟರೇ ಬೇಡವಂತೆ, ಫಲಿತಾಂಶ ನೇರವಾಗಿ ಇಂಟರ್‌ನೆಟ್ಟಿನ ಮೂಲಕ ಕ್ಲೌಡಿಗೆ ಹೋಗುತ್ತದಂತೆ, ಹ್ಯಾಂಗ್ ಆಗುವ ಪ್ರಶ್ನೆಯೇ ಇಲ್ಲವಂತೆ. ಮೇಡಂ ತಲೆಯಾಡಿಸುತ್ತಾ ಕೇಳುತ್ತಿದ್ದರು. ಕೌಂಟರಿನವಳು ಒಳಗೆ ಬಂದು ಗೋಡೆಗೆ ಒರಗಿ ನಿಂತಳು.

"ಕ್ಲೌಡ್ ಅಂದ್ರೆ ಅದೂ ಯಾರ್ದೋ ಕಂಪ್ಯೂಟರೇ ತಾನೆ? ಯಾರ್ದು?" ಎಂದು ಕೇಳಿದಳು.

ತುಂಬಾ ಸೇಫ್ ಮೇಡಂ ಎಂದ ಅವನು. ಅದನ್ನು ನಾನು ಕೇಳಲಿಲ್ಲ ಎಂದಳು ಅವಳು. ಅಲ್ಲಿ ಯಾರು ಯಾರು ತೆರೆದು ನೋಡಬಹುದು, ತೆರೆದರೆ ನಮಗೆ ತಿಳಿಯುತ್ತದಾ, ಎಷ್ಟು ವರ್ಷದವರೆಗೆ ಅಪ್‌ಡೇಟ್ ಕೊಡುತ್ತೀರಿ, ಆಮೇಲೆ ಏನು ಎಂದು ನಾನು ಕೇಳಿದೆ. ಅವನು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ವಿಚಾರಿಸಿ ಮೇಲ್ ಮಾಡುತ್ತೇನೆ ಎಂದು ಬ್ಯಾಗ್ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದ. ಮೇಲ್ ಬರುವವರೆಗೆ ಸಹಿ ಹಾಕುವುದಿಲ್ಲ ಎಂದು ಮೇಡಂ ಹೇಳಿದ್ದಾರೆ. ಇನ್ನೂ ಬಂದಿಲ್ಲ.